ಬಾಗಿಲಿಗೆ ಬೆನ್ನು

ಕತ್ತಲಲ್ಲಿ ಸುಮ್ಮನೆ ಕೂತು ಕಾಯುವುದು ಆಲ್ವಿನ್ ಪಾಸ್ಕೋನ ಕೆಲಸದ ಮೊದಲ ಭಾಗ. ಗಿಲ್ಗಾರ ಊರಿನಲ್ಲಿ ಕುದುರೆ ರೇಸ್ ಇರುವ ದಿನ ಬೆಳಿಗ್ಗೆ, ಜನ ಸೇರುವುದಕ್ಕೆ ಮುಂಚೆ, ತೀರ್ಪುಗಾರರ ಗೋಪುರದ ಮೆಟ್ಟಿಲ ಕೆಳಗಿನ, ರೇಸಿನ ಕ್ಯಾಮೆರಾಕ್ಕೆ ಫಿಲ್ಮ್ ತುಂಬುವ ತಗಡಿನ ಕೋಣೆಗೆ ಹೋಗಿ ಬಾಗಿಲೆಳೆದುಕೊಂಡು ದೀಪ ಆರಿಸುತ್ತಿದ್ದ. ಮೊದಮೊದಲು ಏನೂ ಕಾಣುವುದಿಲ್ಲ, ಕೋಣೆ ಭದ್ರವಾಗಿದೆ ಎಂದೇ ಅನ್ನಿಸುತ್ತದೆ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಒಂದೊಂದೇ ಹೊರಬೀಳತೊಡಗುತ್ತದೆ: ಮೊಳೆ ಕಿತ್ತುಹೋದ ಜಾಗದಲ್ಲಿ ಸಾಸಿವೆಯಷ್ಟು ಬೆಳಕು, ತಗಡಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬೆಳಕು, ಬಾಗಿಲ ಕೆಳಗೆ ತುರುಕಿದ ಕಂಬಳಿ ಸರಿದಲ್ಲಿ ಇನ್ನೊಂದಿಷ್ಟು. ಎದ್ದು, ತಡವಿ, ಕಪ್ಪು ಪಟ್ಟಿ ಅಂಟಿಸಿ ಮತ್ತೆ ಕೂರುತ್ತಾನೆ. ಇನ್ನೂ ಕೂತರೆ ಇನ್ನೂ ಒಂದು ಕಾಣುತ್ತದೆ. ಸಾಕಷ್ಟು ಹೊತ್ತು ಕಾದರೆ ತೂತು ಸಿಕ್ಕೇ ಸಿಗುತ್ತದೆ ಎಂಬ ಈ ಪಾಠವನ್ನು ಅವನು ಆ ಕೋಣೆಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅದನ್ನು ಮನೆಗೂ ತಂದಿದ್ದ. ಊಟಕ್ಕೆ ಕೂತಾಗ ಹೆಂಡತಿ ಥೆಲ್ಮಾ ಚರ್ಚಿನ ಹೆಂಗಸರ ಸುದ್ದಿ ಹೇಳುತ್ತಿದ್ದರೆ ಅವನು ಸುದ್ದಿ ಕೇಳುತ್ತಿರಲಿಲ್ಲ. ಅವಳು ಎಲ್ಲಿ ತಡೆದಳು, ಯಾವ ಹೆಸರು ಬಂದಾಗ ತಟ್ಟೆಯ ಕಡೆ ನೋಡಿದಳು ಎಂದು ಗಮನಿಸುತ್ತಿದ್ದ. ಅವಳು ಇನ್ನೊಂದು ಆಲೂಗಡ್ಡೆ ಬಡಿಸಿದರೆ, ಇವತ್ತೇ ಯಾಕೆ ಬಡಿಸಿದಳು ಎಂದು ಅಗಿಯುತ್ತ ಯೋಚಿಸುತ್ತಿದ್ದ.

ಆ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದು. ಒಳಗಿನ ಚಿಲಕ ಯಾವುದೋ ಬೇಸಿಗೆಯಲ್ಲಿ ಮರ ಸೀಳಿ ಕಿತ್ತುಬಂದಿತ್ತು. ಆಗ ಸದ್ಯಕ್ಕೆಂದು ಥೆಲ್ಮಾ ಅಡುಗೆಮನೆಯ ಕುರ್ಚಿಯೊಂದನ್ನು ಕಾರಿಗೆ ತುರುಕಿಕೊಂಡು ಬಂದು, ಅವನು ಫಿಲ್ಮ್ ತುಂಬುವಷ್ಟು ಹೊತ್ತು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅದೇ ರೂಢಿಯಾಗಿ ಹೋಯಿತು. ಥೆಲ್ಮಾ ಕುರ್ಚಿಯಲ್ಲಿದ್ದಾಳೆ ಎಂದರೆ ಒಳಗೆ ಫಿಲ್ಮ್ ಬಿಚ್ಚಿದೆ, ಬಾಗಿಲು ಮುಟ್ಟಬಾರದು. ಕುರ್ಚಿ ಖಾಲಿ ಎಂದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಇದು ಜಾಕಿಗಳಿಗೂ ಗೊತ್ತಿತ್ತು, ಬಿಯರ್ ಹಂಚುವವರಿಗೂ ಗೊತ್ತಿತ್ತು. ಥೆಲ್ಮಾಳ ತಮ್ಮ ಕ್ಲಾರಿ, ಕುದುರೆಗಳಿಗೆ ತರಬೇತಿ ಕೊಡುವವನು, ದಾಟಿ ಹೋಗುವಾಗಲೆಲ್ಲ ಎಲ್ಲರಿಗೂ ಕೇಳುವಂತೆ, "ಏನು ಥೆಲ್, ಹೆಗ್ಗಣ ಬಿಲದೊಳಗಿದ್ಯಾ? ಬಿಲದ ಬಾಯಿಗೆ ನೀನು ಕೂತಿದ್ದೀಯ, ಸರಿ" ಎನ್ನುತ್ತಿದ್ದ. ಬೇಲಿಗೆ ಒರಗಿದವರು ನಗುತ್ತಿದ್ದರು. ಒಳಗಿಂದ ಆಲ್ವಿನ್ ಸಹ ನಗುತ್ತಿದ್ದ, ಕೇಳಿಸಲೆಂದು ಸ್ವಲ್ಪ ಜೋರಾಗಿಯೇ. ಹೊಸ ಚಿಲಕ ಹಾಕುವುದು ಒಂದು ಗಂಟೆಯ ಕೆಲಸವೂ ಅಲ್ಲ. ಹಾಕಿರಲಿಲ್ಲ. ತಗಡಿನ ಆಚೆ ಅವಳ ಬೆನ್ನಿದೆ ಎಂಬ ಯೋಚನೆ ಅವನಿಗೆ ಹಿತವಾಗಿತ್ತು, ಅದು ನಿಜ. ಅವಳು ಎಲ್ಲಿದ್ದಾಳೆ ಎಂಬುದು ಆ ಹೊತ್ತಿನಲ್ಲಾದರೂ ಖಚಿತವಾಗಿ ಗೊತ್ತಿರುತ್ತದೆ ಎಂಬುದೂ ಅಷ್ಟೇ ನಿಜ.

ಇವತ್ತು ಕಪ್ ರೇಸ್. ಹಳೆಯ ಫಿಲ್ಮ್ ಸುರುಳಿ ಮೊದಲ ರೇಸುಗಳಿಗೇ ಮುಗಿದಿತ್ತು. ಕಪ್ ರೇಸಿಗೆಂದು ಹೊಸದೊಂದು, ಕೊನೆಯ ರೇಸಿಗೆಂದು ಇನ್ನೊಂದು ಉಳಿದಿದ್ದವು. ಅವನು ಕತ್ತಲಲ್ಲಿ ಡಬ್ಬಿಯ ಮುಚ್ಚಳ ತಿರುವಿ, ಸುರುಳಿಯನ್ನು ಅಂಚಿನಲ್ಲಷ್ಟೇ ಹಿಡಿದು, ಅದರ ತುದಿಯನ್ನು ಕ್ಯಾಮೆರಾದ ಪೆಟ್ಟಿಗೆಯೊಳಗಿನ ಸೀಳಿಗೆ ಸಿಕ್ಕಿಸುತ್ತಿದ್ದ. ಎರಡು ಕುದುರೆಗಳು ಮೂಗಿಗೆ ಮೂಗು ಕೊಟ್ಟು ಗೆರೆ ಮುಟ್ಟಿದಾಗ ಮನುಷ್ಯನ ಕಣ್ಣು ಸೋಲುತ್ತದೆ, ಆಗ ಮಾತಾಡಬೇಕಾದ್ದು ಈ ಪಟ್ಟಿ. ಬೆರಳುಗಳಿಗೆ ದಾರಿ ಗೊತ್ತಿದ್ದುದರಿಂದ ತಲೆ ಬೇರೆ ಕಡೆ ಹೋಗುತ್ತಿತ್ತು. ಫಿಲ್ಮಿನಷ್ಟು ಪೆದ್ದು ವಸ್ತು ಇನ್ನೊಂದಿಲ್ಲ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ತನ್ನ ಮೇಲೆ ಬಿದ್ದದ್ದನ್ನೆಲ್ಲ ನಂಬುತ್ತದೆ. ಇದು ಕುದುರೆಯಿಂದ ಬಂದ ಬೆಳಕು, ಇದು ಬಾಗಿಲ ಸಂದಿಯಿಂದ ಬಂದ ಬೆಳಕು ಎಂದು ಅದಕ್ಕೆ ತಿಳಿಯುವುದಿಲ್ಲ. ಯಾವುದು ಬಂದರೂ ಸರಿ, ಒಂದೇ ಸಲಕ್ಕೆ ಒಳಗೆ ಬಿಟ್ಟುಕೊಂಡು ಕರಿಕಾಗುತ್ತದೆ, ಆಮೇಲೆ ಯಾರು ತೊಳೆದರೂ ಹೋಗುವುದಿಲ್ಲ. ಅದರ ಪರವಾಗಿ ಇನ್ನೊಬ್ಬರು ಅನುಮಾನ ಪಡಬೇಕು. ಮ್ಯಾನ್ಲಿ ಕಡಲ ತೀರದಲ್ಲಿ, ಮದುವೆಯಾದ ವಾರ, ಅವನು ಹೊಸ ಕ್ಯಾಮೆರಾದಲ್ಲಿ ಥೆಲ್ಮಾಳನ್ನು ಹಿಡಿದದ್ದೇ ಹಿಡಿದದ್ದು: ಟೋಪಿ ಹಿಡಿದುಕೊಂಡು ನಿಂತವಳು, ಐಸ್‌ಕ್ರೀಮ್ ಮೂಗಿಗೆ ತಾಗಿಸಿಕೊಂಡು ನಗುವವಳು. ಮಧ್ಯೆ ಒಂದು ಹುಳ ಹೊಕ್ಕಿತು: ಫಿಲ್ಮ್ ಒಳಗೆ ತಿರುಗುತ್ತಲೇ ಇಲ್ಲವೇನೋ, ತಾನು ಸುಮ್ಮನೆ ಕ್ಲಿಕ್ಕಿಸುತ್ತಿದ್ದೇನೇನೋ. ಬಿಸಿಲಲ್ಲೇ ಹಿಂಭಾಗದ ಮುಚ್ಚಳ ತೆಗೆದು ನೋಡಿದ. ಫಿಲ್ಮ್ ಸರಿಯಾಗಿಯೇ ತಿರುಗುತ್ತಿತ್ತು. ಅವನು ಅದನ್ನು ನೋಡಿದ ಆ ಒಂದು ಕ್ಷಣಕ್ಕೆ ಥೆಲ್ಮಾ ಅಷ್ಟೂ ಚಿತ್ರಗಳಿಂದ ಅಳಿಸಿಹೋಗಿದ್ದಳು.

"ಥೆಲ್," ಎಂದು ಬಾಗಿಲ ಆಚೆ ಯಾರೋ ಪಿಸುಗುಟ್ಟಿದ್ದು ಆಗ.

ಕ್ಲಾರಿಯ ದನಿ. ಊರಿಗೆಲ್ಲ ಕೇಳುವಂತೆ ಮಾತಾಡುವ ಕ್ಲಾರಿ ಪಿಸುಗುಟ್ಟುತ್ತಿದ್ದ. ಥೆಲ್ಮಾ ಇನ್ನೂ ಮೆಲ್ಲಗೆ ಏನೋ ಅಂದಳು. ಆಲ್ವಿನ್‌ನ ಕೈ ನಿಂತಿತು. ಕುರ್ಚಿ ಕಿರುಗುಟ್ಟಿತು, ಒಂದು ಕಾಲು ನೆಲ ಕೆರೆದ ಸದ್ದು. ಅದೇ ಹೊತ್ತಿಗೆ ಬಾಗಿಲ ಅಂಚಿನಲ್ಲಿ ದಾರದಂಥ ಬೆಳಕು ಮೂಡಿ ಅಳಿಯಿತು. ಅಥವಾ ಮೂಡಿತು ಅನ್ನಿಸಿತು. ಕತ್ತಲಲ್ಲಿ ತುಂಬ ಹೊತ್ತು ಇದ್ದ ಕಣ್ಣು ತಾನೇ ಬೆಳಕು ಹುಟ್ಟಿಸಿಕೊಳ್ಳುತ್ತದೆ, ಅದೂ ಅವನಿಗೆ ಗೊತ್ತು. ಪೆಟ್ಟಿಗೆ ಮುಚ್ಚಿ, ಕೊಕ್ಕೆ ಹಾಕಿ, "ಆಯ್ತು" ಎಂದು ಬಾಗಿಲು ತಟ್ಟಿದ.

ಹೊರಗೆ ಥೆಲ್ಮಾ ಒಬ್ಬಳೇ ಇದ್ದಳು, ಕೈಚೀಲ ಮುಚ್ಚುತ್ತಿದ್ದಳು.

"ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ವಲ್ಲ," ಅಂದಳು. "ಎಂಥ ಬಿಸಿಲು. ನಿನ್ನ ಕಾಲರ್ ನೋಡು, ಒದ್ದೆಯಾಗಿದೆ."

ಅವನು ಕಾಲರ್ ಮುಟ್ಟಿಕೊಂಡ. ಅವಳು ಸುಳ್ಳು ಹೇಳಿದ್ದಳು. ವಿಚಿತ್ರವೆಂದರೆ ಅದರಲ್ಲಿ ಒಂದು ಸಮಾಧಾನವೂ ಇತ್ತು, ಬಹಳ ಕಾಲ ಕಾದದ್ದು ಕೊನೆಗೆ ಬಂತು ಎಂಬಂಥದು. ಕಪ್ ರೇಸಿನಲ್ಲಿ ಕ್ಲಾರಿಯ ಹೆಣ್ಣು ಕುದುರೆ ವಿಲ್ಗಾ ಗರ್ಲ್ ಓಡುತ್ತಿತ್ತು. ಅದಕ್ಕೂ ಬ್ರಿಗೇಡಿಯರ್ ಎಂಬ ಕುದುರೆಗೂ ಸಮಸಮ ಎಂದು ಊರೆಲ್ಲ ಹೇಳುತ್ತಿತ್ತು. ಫಿಲ್ಮ್ ಕೆಟ್ಟರೆ ತೀರ್ಪುಗಾರ ಲಾಕ್ಸ್‌ಟನ್ ಕಣ್ಣಂದಾಜಿನಲ್ಲೇ ಹೇಳಬೇಕು. ಲಾಕ್ಸ್‌ಟನ್ನೂ ಕ್ಲಾರಿಯೂ ಶನಿವಾರಗಳಂದು ಒಟ್ಟಿಗೆ ಮೀನು ಹಿಡಿಯಲು ಹೋಗುವವರು. ಎಲ್ಲ ಎಷ್ಟು ಸಲೀಸಾಗಿ ಕೂಡಿಕೊಳ್ಳುತ್ತಿತ್ತೆಂದರೆ ಆಲ್ವಿನ್‌ಗೆ ತಾನು ಇಷ್ಟು ದಿನ ನೋಡದೆ ಇದ್ದದ್ದೇ ಹೇಗೆ ಎನ್ನಿಸಿತು. ಯಾರೂ ಇಲ್ಲ ಎಂದು ಅವನ ಮುಖ ನೋಡಿ ಹೇಳಿದ್ದಳು. ಹಿಂದೊಮ್ಮೆ, ಮಳೆಯಿಲ್ಲದ ವರ್ಷ, ಬುಧವಾರ ಸಂಜೆಗಳಲ್ಲಿ ಅವಳು ಚರ್ಚಿನ ಹಾಲಿಗೆ ಹೋಗುತ್ತೇನೆಂದು ಹೋಗುತ್ತಿದ್ದಾಗ ಅವನು ಹಿಂದೆಯೇ ನಡೆದು ಹೋಗಿ ಕಿಟಕಿಯಿಂದ ಇಣುಕಿದ್ದ. ಥೆಲ್ಮಾ ಮಂಡಿಯೂರಿ ನೆಲಕ್ಕೆ ಮೇಣ ಉಜ್ಜುತ್ತಿದ್ದಳು, ಒಬ್ಬಳೇ, ಏನೋ ಗುನುಗುತ್ತ. ಅವನು ಓಡಿ ಮನೆಗೆ ಬಂದು ಅವಳು ಬರುವಷ್ಟರಲ್ಲಿ ಪೇಪರ್ ಹಿಡಿದು ಕೂತಿದ್ದ. ಅವಳು ಚಪ್ಪಲಿ ಬಿಡುತ್ತ, "ಹೊರಗೆ ಹೋಗಿದ್ಯಾ ಆಲ್? ಬೂಟಿಗೆ ಮಣ್ಣಾಗಿದೆ" ಎಂದಿದ್ದಳು. ಅಷ್ಟೇ. ಆ ಮಣ್ಣನ್ನು ಅವಳು ಏನೆಂದು ತಿಳಿದಳೋ ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಪರೀಕ್ಷಿಸಲು ದಾರಿಯಿತ್ತು. ಪೆಟ್ಟಿಗೆ ಬಿಚ್ಚಿ, ಸುರುಳಿಯ ತುದಿಯಿಂದ ಬೆರಳುದ್ದ ಕತ್ತರಿಸಿ ರಸಾಯನದಲ್ಲಿ ತೊಳೆದರೆ ಗೊತ್ತಾಗಿ ಹೋಗುತ್ತದೆ: ಬೆಳಕು ಬಿದ್ದಿದ್ದರೆ ತುಂಡು ಕಪ್ಪಗಾಗುತ್ತದೆ, ಬೀಳದಿದ್ದರೆ ಗಾಜಿನಂತೆ ತಿಳಿಯಾಗಿ ಬರುತ್ತದೆ. ಆದರೆ ಪೆಟ್ಟಿಗೆ ಬಿಚ್ಚಬೇಕಾದರೆ ಬಾಗಿಲಿಗೆ ಯಾರಾದರೂ ಬೆನ್ನು ಕೊಡಬೇಕು. ಕಾವಲಿನವಳ ಮೇಲೇ ಅನುಮಾನ, ಅನುಮಾನ ತೀರಿಸಿಕೊಳ್ಳಲು ಅವಳದೇ ಕಾವಲು ಬೇಕು. ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಥೆಲ್, ಒಂದು ಲೋಟ ಟೀ ತರ್ತೀಯಾ? ಗಂಟಲು ಒಣಗಿದೆ."

"ಈಗ್ಲಾ? ಹೆಂಗಸರ ಡೇರೆ ಮುಂದೆ ಸಾಲು ಅಷ್ಟುದ್ದ ಇದೆ."

"ಇದ್ರೆ ಇರ್ಲಿ. ಅವಸರ ಇಲ್ಲ."

ಅವಳು ಒಂದು ಕ್ಷಣ ಅವನನ್ನು ನೋಡಿ ಹೋದಳು. ಅವನು ಒಳಗೆ ಹೋಗಿ ಬಾಗಿಲೆಳೆದುಕೊಂಡ, ಕಂಬಳಿ ತುರುಕಿದ, ಕತ್ತಲಲ್ಲಿ ಪೆಟ್ಟಿಗೆಯ ಕೊಕ್ಕೆ ಬಿಚ್ಚಿದ. ಬೆನ್ನ ಹಿಂದೆ ಬಾಗಿಲು ಬರಿದಾಗಿತ್ತು. ಚರ್ಮದಲ್ಲೇ ಅದು ತಿಳಿಯುತ್ತಿತ್ತು. ತುಂಡು ಕತ್ತರಿಸಿದ. ಕತ್ತರಿಸಿದ ಕೂಡಲೇ ಪೆಟ್ಟಿಗೆ ಮುಚ್ಚಬೇಕಿತ್ತು, ಹೊಸದಾಗಿ ಕೆಲಸ ಕಲಿಯುವವನೂ ಅಷ್ಟು ಮಾಡುತ್ತಾನೆ. ಆದರೆ ಅವನ ಕೈಗಳಿಗೆ ಉತ್ತರ ಬೇಕಾಗಿತ್ತು, ಮೊದಲು ಅದೇ ಬೇಕಾಗಿತ್ತು. ತುಂಡನ್ನು ರಸಾಯನದ ಡಬ್ಬಿಗೆ ಹಾಕಿ ಅದರ ಮುಚ್ಚಳ ಒತ್ತಿದ, ಆಮೇಲೆ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಚಾಚಿದ. ಚಾಚಿದ ಕೈ ಅವನಿಗೆ ಕಂಡಿತು. ಐದೂ ಬೆರಳು, ಉಂಗುರ, ಉಗುರಿನ ಕೆಳಗಿನ ಕಂದು ಕಲೆ, ಎಲ್ಲ ಸ್ಪಷ್ಟವಾಗಿ. ಕೋಣೆಯ ತುಂಬ ಬಯಲುಸೀಮೆಯ ನಡು ಮಧ್ಯಾಹ್ನ ನಿಂತಿತ್ತು.

"ಸಾಲಲ್ಲಿ ಮಿಸೆಸ್ ಡೋವಿ ನನ್ನನ್ನ ಮುಂದೆ ಬಿಟ್ಲು," ಎನ್ನುತ್ತಿದ್ದ ಥೆಲ್ಮಾಳ ಮಾತು ಅರ್ಧಕ್ಕೇ ನಿಂತಿತು. ಒಂದು ಕೈಯಲ್ಲಿ ಟೀ, ಸಾಸರಿನಲ್ಲಿ ಬೆಣ್ಣೆ ಹಚ್ಚಿದ ಸ್ಕೋನ್ ಬನ್ನು. ಅವನು ಪೆಟ್ಟಿಗೆಯನ್ನು ಧಡಾರನೆ ಮುಚ್ಚಿದ್ದ.

"ಫಿಲ್ಮ್ ಬಿಚ್ಚಿತ್ತಾ? ನಾನು ಕೂತಿರ್ಲಿಲ್ವಲ್ಲ. ಕುರ್ಚಿ ಖಾಲಿ ಇತ್ತು, ಅದಕ್ಕೇ..."

"ಏನಿಲ್ಲ. ಏನೂ ಆಗಿಲ್ಲ. ಬಾಗಿಲು ಹಾಕು."

"ಇನ್ನೊಂದು ಸುರುಳಿ ಇದೆಯಲ್ಲ, ಅದನ್ನ ಹಾಕು. ನಾನು ಕೂರ್ತೀನಿ."

"ಏನೂ ಆಗಿಲ್ಲ ಅಂದೆನಲ್ಲ."

ಅವಳು ಟೀಯನ್ನು ನೆಲದ ಮೇಲಿಟ್ಟು ಬಾಗಿಲು ಹಾಕಿದಳು. ರಸಾಯನದ ಡಬ್ಬಿಯೊಳಗೆ ತುಂಡು ಮಾತ್ರ ಸುರಕ್ಷಿತವಾಗಿತ್ತು. ಬೇಕಾದಷ್ಟು ಹೊತ್ತು ಬಿಟ್ಟು, ತೊಳೆದು, ದೀಪ ಹಾಕಿ ಎತ್ತಿ ನೋಡಿದ. ತಿಳಿ. ಒಂದು ಮೋಡವಿಲ್ಲ, ಅಂಚಿನಲ್ಲಿ ಒಂದು ಗೀರಿಲ್ಲ. ಅದರ ಆಚೆ ಅವನಿಗೆ ತನ್ನದೇ ಹೆಬ್ಬೆರಳು ಕಾಣಿಸುತ್ತಿತ್ತು. ಅವಳು ಕುರ್ಚಿಯಿಂದ ಎದ್ದೇ ಇರಲಿಲ್ಲ. ಅವನಿಗೆ ಮೊದಲು ಆದದ್ದು ನಿರಾಸೆ, ಆಮೇಲೆ ನಾಚಿಕೆ. ನಾಚಿಕೆ ಮೊದಲು ಬಂದಿದ್ದರೆ ಬಹುಶಃ ಉಳಿದದ್ದು ಬೇರೆಯಾಗುತ್ತಿತ್ತು.

ಹೊರಗೆ ಧ್ವನಿವರ್ಧಕ ಕಪ್ ರೇಸಿನ ಕುದುರೆಗಳ ಹೆಸರು ಕೂಗುತ್ತಿತ್ತು. ಇನ್ನೊಂದು ಸುರುಳಿ ತುಂಬಲು ಹೊತ್ತಿತ್ತು, ಅವಸರ ಮಾಡಿದರೆ. ಆದರೆ ಥೆಲ್ಮಾಳನ್ನು ಕರೆಯಬೇಕು. ಕರೆದರೆ, ಏನೂ ಆಗಿಲ್ಲ ಎಂದದ್ದು ಸುಳ್ಳಾಗುತ್ತದೆ, ನಾನಿಲ್ಲದಾಗ ಯಾಕೆ ಬಿಚ್ಚಿದೆ ಎಂದು ಅವಳು ಕೇಳುತ್ತಾಳೆ. ಸುರುಳಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ, ಬೆಳಕು ಹೊರಗಿನ ಸುತ್ತುಗಳನ್ನಷ್ಟೇ ತಿಂದಿರುತ್ತದೆ, ಒಳಗಿನದು ಉಳಿದಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಇಡೀ ದಿನದಲ್ಲಿ ಅವನು ಅನುಮಾನಿಸದೆ ನಂಬಿದ್ದು ಇದೊಂದನ್ನೇ. ತುಂಡನ್ನು ಕೋಟಿನ ಜೇಬಿಗೆ ಹಾಕಿ, ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದ, ಕೆಟ್ಟಿರಬಹುದಾದಷ್ಟು ಫಿಲ್ಮನ್ನು ಮುಂದಕ್ಕೆ ಓಡಿಸಿದ. ಕುದುರೆಗಳು ಕೆಂಪು ಧೂಳಿನೊಳಗಿಂದ ಬಂದವು. ವಿಲ್ಗಾ ಗರ್ಲ್, ಬ್ರಿಗೇಡಿಯರ್, ಎರಡು ತಲೆ ಒಂದರ ಮೇಲೊಂದು ಇಟ್ಟ ಹಾಗೆ. ಜನ ಒಮ್ಮೆ ಕೂಗಿ ಸುಮ್ಮನಾದರು, ಎಲ್ಲರೂ ಗೋಪುರದ ಕಡೆ ತಿರುಗಿದರು. ಲಾಕ್ಸ್‌ಟನ್, "ಫೋಟೊ ಬೇಕು ಪಾಸ್ಕೋ" ಎಂದ. ಆಲ್ವಿನ್ ಕೆಳಗೆ ಓಡಿದ, ಥೆಲ್ಮಾ ಆಗಲೇ ಕುರ್ಚಿಯಲ್ಲಿದ್ದಳು. ರಸಾಯನದಿಂದ ಎತ್ತಿದ ಪಟ್ಟಿಯಲ್ಲಿ ಜಾಕಿಯೊಬ್ಬನ ಟೋಪಿ, ಒಂದು ಬಾಲ, ಹಿಂಗಾಲುಗಳು ಇದ್ದವು. ಮೂಗುಗಳು ಇರಬೇಕಾದಲ್ಲಿ ಅಂಚಿನಿಂದ ಅಂಚಿಗೆ ಕಪ್ಪು.

ಲಾಕ್ಸ್‌ಟನ್ ತನ್ನ ಕಣ್ಣು ಕಂಡದ್ದನ್ನು ಹೇಳಿದ: ವಿಲ್ಗಾ ಗರ್ಲ್. ಬೇಲಿಯುದ್ದಕ್ಕೂ ಒಂದು ಗುಜುಗುಜು ಎದ್ದು, ಇಳಿಯದೆ ಹಾಗೇ ಉಳಿಯಿತು. ರೇಸಿನ ಮೇಲ್ವಿಚಾರಕ ಹ್ಯಾಲರನ್ ಗಂಡ ಹೆಂಡಿರಿಬ್ಬರನ್ನೂ ಜಾಕಿಗಳನ್ನು ತೂಗುವ ಕೋಣೆಗೆ ಕರೆಸಿದ. ಬೆವರು, ಚರ್ಮ, ಜೀನಿನ ಎಣ್ಣೆಯ ವಾಸನೆ. ಕಪ್ಪು ಪಟ್ಟಿ ಅವನ ಮೇಜಿನ ಮೇಲೆ ಇನ್ನೂ ಒದ್ದೆಯಾಗಿತ್ತು.

"ಬೆಳಕು ಹೇಗೆ ಬಿತ್ತು?"

ಆಲ್ವಿನ್ ಗಂಟಲು ಸರಿಮಾಡಿಕೊಂಡ. "ಬಾಗಿಲು ತೆರೀತು."

"ತಾನಾಗೇ?"

"ನಾನು ತೆಗೆದೆ," ಅಂದಳು ಥೆಲ್ಮಾ.

ಹ್ಯಾಲರನ್ ಅವಳ ಕಡೆ ತಿರುಗಿದ. "ಮಿಸೆಸ್ ಪಾಸ್ಕೋ, ಆ ಬಾಗಿಲು ಕಾಯೋರು ನೀವೇ ಅಂತ ಊರಿಗೆಲ್ಲ ಗೊತ್ತು. ಕ್ಲಾರಿ ನಿಮ್ಮ ತಮ್ಮ ಅಲ್ವಾ?"

"ಹೌದು."

"ಫಿಲ್ಮ್ ಬಿಚ್ಚಿದೆ ಅಂತ ಗೊತ್ತಿದ್ದೂ ತೆಗೆದ್ರಾ?"

ಅವಳು ಗಂಡನ ಕಡೆ ನೋಡಿದಳು, ಬೇಡಿಕೊಳ್ಳುವ ನೋಟವಲ್ಲ, ಈಗ ನಿನ್ನ ಸರದಿ ಎಂಬಂಥದು. ಅವಳು ಕುರ್ಚಿಯಲ್ಲಿರಲಿಲ್ಲ, ನಾನೇ ಕಳಿಸಿದ್ದೆ, ಅವಳಿಗೆ ಗೊತ್ತಿರಲಿಲ್ಲ. ಅವನು ಅಷ್ಟು ಹೇಳಿದ್ದರೆ ಸಾಕಿತ್ತು. ಮುಂದಿನ ಪ್ರಶ್ನೆ ಏನೆಂದು ಆಲ್ವಿನ್‌ಗೆ ಗೊತ್ತಿತ್ತು: ಯಾಕೆ ಕಳಿಸಿದೆ? ಅವನು ತನ್ನ ಬೂಟು ನೋಡಿಕೊಂಡ. ಧೂಳು ಕೂತಿತ್ತು. ಜೇಬಿನಲ್ಲಿ ತುಂಡು ಬೆರಳಿಗೆ ನಯವಾಗಿ ತಾಗುತ್ತಿತ್ತು. ಕಿಟಕಿಯ ಆಚೆ ಯಾರೋ, "ಹೆಗ್ಗಣದ ಹೆಂಡ್ತಿ ಬಿಲ ತೆಗೆದ್ಲಂತೆ, ತಮ್ಮ ಗೆದ್ನಂತೆ" ಎಂದರು. ನಗು ಕೇಳಿತು. ರೇಸಿನ ತೀರ್ಪು ಹಾಗೇ ಉಳಿಯುತ್ತದೆ, ಆದರೆ ವಿಚಾರಣೆ ಮುಗಿದಿಲ್ಲ, ಕೊನೆಯ ರೇಸಿಗೆ ಹೋಗಿ ಎಂದು ಹ್ಯಾಲರನ್ ಹೇಳಿದ.

ಇಬ್ಬರೂ ಮೈದಾನ ದಾಟಿದರು. ಡೇರೆಯ ಹೆಂಗಸರು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡಿದರು. ಮಿಸೆಸ್ ಡೋವಿ ಕೂಡ ಕೈಯೆತ್ತಲಿಲ್ಲ. ಥೆಲ್ಮಾ ಕುರ್ಚಿಯನ್ನು ಸರಿಯಾಗಿ ಬಾಗಿಲಿಗೆ ಎಳೆದಿಟ್ಟಳು. ಅವನು ಒಳಗೆ ಹೋಗಿ ದೀಪ ಆರಿಸಿದ. ಕೊನೆಯ ಸುರುಳಿಯ ಡಬ್ಬಿ ತೆಗೆದು, ಫಿಲ್ಮನ್ನು ಕೈಗೆತ್ತಿಕೊಂಡ ಮೇಲೆ, ಹೊರಗಿಂದ ಯಾವ ಸದ್ದೂ ಇಲ್ಲವೆಂಬುದು ಅವನ ಗಮನಕ್ಕೆ ಬಂತು. ಪ್ರತಿಸಲ ಅವಳು ಕೆಮ್ಮುತ್ತಿದ್ದಳು, ಯಾರಿಗಾದರೂ ನಮಸ್ಕಾರ ಹೇಳುತ್ತಿದ್ದಳು, ಕುರ್ಚಿ ಕಿರುಗುಟ್ಟುತ್ತಿತ್ತು. ಈಗ ಏನೂ ಇಲ್ಲ.

"ಥೆಲ್?"

ಉತ್ತರವಿಲ್ಲ. ಇದ್ದಾಳೋ ಎದ್ದು ಹೋಗಿದ್ದಾಳೋ ತಿಳಿಯಬೇಕಾದರೆ ಬಾಗಿಲು ತೆಗೆಯಬೇಕು. ತೆಗೆದರೆ ಕೈಯಲ್ಲಿರುವುದು ಹೋಗುತ್ತದೆ. ಬೆವರು ಕಿವಿಯ ಹಿಂದೆ ಇಳಿಯಿತು. ಅವನು ಬೆನ್ನು ಬಗ್ಗಿಸಿ, ಸುರುಳಿಯನ್ನು ಎದೆಗೆ ಒತ್ತಿಕೊಂಡು, ತನ್ನ ಮೈಯನ್ನೇ ಅಡ್ಡ ಮಾಡಿಕೊಂಡು ತುಂಬಿದ. ಬೆರಳುಗಳು ದಾರಿ ತಪ್ಪಿದವು, ಮತ್ತೆ ಹುಡುಕಿಕೊಂಡವು. ಕೊಕ್ಕೆ ಬಿತ್ತು. ಬಾಗಿಲು ನೂಕಿದ. ಅದು ಅಲುಗಲಿಲ್ಲ. ಅವಳ ಬೆನ್ನು ಅಲ್ಲೇ ಇತ್ತು.

"ಆಯ್ತು ಥೆಲ್. ಮುಗೀತು."

ಅವಳು ಏಳಲಿಲ್ಲ. ಅವಳು ಅಲ್ಲಿದ್ದಾಳೆ ಎಂಬುದಕ್ಕೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಏನಾದರೂ ಕೊಡಬೇಕೆನಿಸಿತು, ಕೊಡಲು ಇದ್ದದ್ದು ಒಂದೇ. ಮಂಡಿಯೂರಿ, ಕಂಬಳಿ ಸರಿಸಿ, ಜೇಬಿನ ತುಂಡನ್ನು ಬಾಗಿಲ ಕೆಳಗಿಂದ ಹೊರಕ್ಕೆ ತಳ್ಳಿದ. ಆಮೇಲೆ ಕುರ್ಚಿ ಕೆರೆಯಿತು, ಬಾಗಿಲು ತೆರೆಯಿತು. ಅವಳು ತುಂಡನ್ನು ಆಕಾಶಕ್ಕೆ ಹಿಡಿದು ನೋಡುತ್ತಿದ್ದಳು, ಅವನು ಯಾವತ್ತೂ ನೋಡುವ ಹಾಗೆಯೇ, ಒಂದು ಕಣ್ಣು ಮುಚ್ಚಿ.

"ಇದು ಯಾವ್ದು?"

"ಕಪ್ ರೇಸಿನ ಸುರುಳೀದು. ನೀನು ಟೀ ತರೋಕೆ ಮುಂಚೆ ಕತ್ತರಿಸಿದ್ದು. ನೋಡು, ಒಂದು ಕಲೆ ಇಲ್ಲ." ಮೆಚ್ಚಿಕೊಳ್ಳುವವನಂತೆ ಹೇಳಿದ. "ನೀನು ಕಾಯ್ತಿದ್ದಾಗ ಒಂಚೂರೂ ಬೆಳಕು ಬಿದ್ದಿಲ್ಲ. ಇದನ್ನ ಹ್ಯಾಲರನ್‌ಗೆ ತೋರಿಸ್ತೀನಿ. ಈಗ್ಲೇ ಬೇಕಾದ್ರೂ ತೋರಿಸ್ತೀನಿ."

"ತೋರ್ಸು," ಅಂದಳು. ತುಂಡನ್ನು ಇನ್ನೂ ಕಣ್ಣ ಮುಂದೆಯೇ ಹಿಡಿದಿದ್ದಳು. "ಯಾಕೆ ಕತ್ತರಿಸ್ದೆ?"

ಕೊನೆಯ ರೇಸಿನ ಗಂಟೆ ಹೊಡೆಯಿತು.

"ಕ್ಲಾರಿ ಬಂದಿದ್ದ," ಅಂದಳು. "ಪ್ರತಿ ರೇಸಿಗೆ ಮುಂಚೆ ಹೆದರ್ಕೊಂಡು ವಾಂತಿ ಮಾಡ್ತಾನೆ, ಚಿಕ್ಕಂದಿನಿಂದ. ಶರ್ಟಿಗೆಲ್ಲ ಆಗಿತ್ತು. ಕೂತಲ್ಲಿಂದ್ಲೇ ಬಗ್ಗಿ ಕರ್ಚೀಫ್ ಕೊಟ್ಟೆ. ಯಾರಿಗೂ ಹೇಳ್ಬೇಡ ಅಂದ, ನಿನಗಂತೂ ಬೇಡವೇ ಬೇಡ ಅಂದ. ನೀನು ಇನ್ನೊಂದು ಸಲ ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆ ಆಲ್."

ತುಂಡನ್ನು ಅವನ ಕೋಟಿನ ಮೇಲಿನ ಜೇಬಿಗೆ ಹಾಕಿ, ಜೇಬಿನ ಅಂಚನ್ನು ಎಂದಿನಂತೆ ಸರಿಮಾಡಿದಳು. ಕುರ್ಚಿಯ ಬೆನ್ನು ಹಿಡಿದು ಎತ್ತಿಕೊಂಡಳು.

"ಒಂದು ಚಿಲಕ ಹಾಕಿಸ್ಕೋ," ಅಂದಳು.

ಅವನು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದ. ಮೇಲಿನ ಕಿಂಡಿಯಿಂದ ಗೆಲ್ಲುವ ಗೆರೆ ಕಾಣುತ್ತಿತ್ತು, ಗೆರೆಯ ಆಚೆ ಬೇಲಿ, ಬೇಲಿಯ ಆಚೆ ಸಾಲಾಗಿ ನಿಂತ ಕಾರುಗಳು. ತಮ್ಮ ಕಾರಿನ ಪಕ್ಕ ಅವಳು ಅಡುಗೆಮನೆಯ ಕುರ್ಚಿಯನ್ನು ಹುಲ್ಲಿನ ಮೇಲೆ ಊರಿ ಕೂತಿದ್ದಳು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಗೋಪುರಕ್ಕೆ ಬೆನ್ನು ಮಾಡಿ. ಕುದುರೆಗಳು ಹೊರಟವು ಎಂದು ಲಾಕ್ಸ್‌ಟನ್ ಹೇಳುತ್ತಿದ್ದ.